ಬಸವರಾಜನ ಸಬ್‌ಮರೀನಿಗೆ ಕಿಟಕಿ ಬೇಡ

ಬ್ಯಾಡಗಿಯ ಗೆಳೆಯರಿಗೆ, ಧಾರವಾಡದಿಂದ ನಮಸ್ಕಾರ.

ನಿಮ್ಮ ಕತೆ ಕೈಸೇರಿ ಮೂರು ವಾರವಾಯಿತು. ನಿಮ್ಮೂರಿನ ಹುಡುಗ ಬಸವರಾಜ ನೌಕಾಪಡೆ ಸೇರುತ್ತಾನೆ, ಸಬ್‌ಮರೀನ್ ಹತ್ತುತ್ತಾನೆ, 300 ಮೀಟರ್ ಆಳದಲ್ಲಿ ಅವ್ವನ ನೆನಪಾಗಿ ಅಳುತ್ತಾನೆ. ಈಗಿರುವ ಹಾಗೆ ಇದನ್ನು ಅಚ್ಚು ಹಾಕಲಾರೆ. ಆದರೆ ಸುಮ್ನೆ ವಾಪಸ್ ಕಳಿಸಿಬಿಡುವ ಕತೆಯೂ ಅಲ್ಲ.

ಮೊದಲು ತಪ್ಪುಗಳು. ಬಸವರಾಜ ಕಿಟಕಿಯಿಂದ ಮೀನು ನೋಡುತ್ತಾನೆ. ಯುದ್ಧದ ಸಬ್‌ಮರೀನಿಗೆ ಕಿಟಕಿ ಇರುವುದಿಲ್ಲ. ಆ ಆಳದಲ್ಲಿ ಕಿರುಬೆರಳಿನ ಉಗುರಿನಷ್ಟು ಜಾಗದ ಮೇಲೆ ನೀರು ಸುಮಾರು 30 ಕಿಲೋ ಭಾರ ಹೇರುತ್ತದೆ. ಕಿಟಕಿ ಇದ್ದರೂ ಕಾಣುವುದು ಕತ್ತಲೆ. ಅಲ್ಲಿಂದ ಅವನು ಅವ್ವನಿಗೆ ಫೋನ್ ಹಚ್ಚುತ್ತಾನೆ. ಉಪ್ಪುನೀರಲ್ಲಿ ಮೊಬೈಲ್ ಸಿಗ್ನಲ್ ಸಾಯುತ್ತದೆ. ಡೀಸೆಲ್ ಎಂಜಿನ್ ಗುಡುಗುತ್ತಿದೆ ಎನ್ನುತ್ತೀರಿ. ಎಂಜಿನ್ನಿಗೆ ಗಾಳಿ ಬೇಡವಾ? ಕೆಳಗೆ ಬ್ಯಾಟರಿಯೇ ಗತಿ. ಅದನ್ನು ಚಾರ್ಜ್ ಮಾಡಲು ಮೇಲೆ ಬಂದು, ನೀರಿನಿಂದಾಚೆ ಸ್ನಾರ್ಕೆಲ್ ಕೊಳವೆ ಚಾಚಬೇಕು. ಅಜ್ಜ 1965ರ ಯುದ್ಧದಲ್ಲಿ ಭಾರತದ ಸಬ್‌ಮರೀನಿನಲ್ಲಿದ್ದ ಎಂದಿದ್ದೀರಿ. ನಮ್ಮ ಮೊದಲ ಸಬ್‌ಮರೀನ್ ಕಲ್ವರಿ ನೌಕಾಪಡೆಗೆ ಸೇರಿದ್ದೇ 1967ರ ಡಿಸೆಂಬರಿನಲ್ಲಿ. ಅಜ್ಜನನ್ನು 1971ಕ್ಕೆ ತನ್ನಿ.

ಇವೆಲ್ಲ ಒಂದು ಸಂಜೆಯ ಕೆಲಸ. ನನ್ನ ನಿಜವಾದ ತಕರಾರು ಮೂರನೇ ಪುಟದ್ದು. ಅಲ್ಲಿ ಕತೆ ನಿಲ್ಲಿಸಿ ಆರ್ಕಿಮಿಡೀಸನ ಪಾಠ ಮಾಡಿದ್ದೀರಿ. ಪಾಠವೂ ಪೂರ್ತಿ ಸರಿಯಿಲ್ಲ. ಮುಳುಗಲು ಪಂಪ್ ಹಚ್ಚಿ ಟ್ಯಾಂಕಿಗೆ ನೀರು ತುಂಬುತ್ತಾರೆ ಅಂತೀರಿ. ಅದಕ್ಕೆ ಪಂಪ್ ಬೇಡ.

ನಿಮ್ಮ ಮೊದಲ ಪುಟಕ್ಕೇ ಹೋಗಿ. ಅವ್ವ ಕೆರೆಯಲ್ಲಿ ಕೊಡ ಅದ್ದುವ ಎರಡು ಸಾಲು ಅಲ್ಲಿವೆ. ಇಡೀ ಕತೆಯಲ್ಲಿ ನನಗೆ ಹಿಡಿಸಿದ್ದು ಅವೇ. ಕೊಡವನ್ನು ಬೋರಲು ಹಾಕಿ ಒತ್ತಿದರೆ ನೀರು ಒಳಗೆ ಬರುವುದಿಲ್ಲ, ಗಾಳಿ ಅಡ್ಡ ಕೂತಿರುತ್ತದೆ. ಕೊಂಚ ಓರೆ ಮಾಡಿದರೆ ಸಾಕು, ಗುಳುಗುಳು ಅಂತ ಗಾಳಿ ಹೊರಗೆ, ನೀರು ಒಳಗೆ. ಸಬ್‌ಮರೀನನ್ನು ಮುಳುಗಿಸುವ, ತೇಲಿಸುವ ಬ್ಯಾಲಾಸ್ಟ್ ಟ್ಯಾಂಕೂ ಅಷ್ಟೇ. ಕೆಳಗೆ ತೂತು, ಮೇಲೆ ವಾಲ್ವ್. ವಾಲ್ವ್ ತೆರೆದರೆ ಗಾಳಿ ಭುಸ್ಸೆಂದು ಹೋಗುತ್ತದೆ, ನೀರು ತಾನಾಗೇ ಏರುತ್ತದೆ. ಮೇಲೆ ಬರಬೇಕಾದಾಗ ವಾಲ್ವ್ ಮುಚ್ಚಿ, ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿ ಬಿಡುತ್ತಾರೆ. ನೀರು ಬಂದ ದಾರಿಯಲ್ಲೇ ಹೊರಬೀಳುತ್ತದೆ. ಆ ಗಾಳಿಯ ಸದ್ದು ಬಸವರಾಜನ ಕಿವಿಗೆ ಬೀಳಲಿ. ಆಗ ಅವ್ವ ತಾನೇ ಬರುತ್ತಾಳೆ, ನೀವು ಅವನನ್ನು ಅಳಿಸಬೇಕಿಲ್ಲ.

ಇನ್ನೊಂದು ಕೊಡುತ್ತೇನೆ, ಬೇಕಾದರೆ ಬಳಸಿ. ಮುಳುಗುವ ಮೊದಲು ನಾವಿಕರು ಒಳಗೆ ಈ ಗೋಡೆಯಿಂದ ಆ ಗೋಡೆಗೆ ಬಿಗಿಯಾಗಿ ದಾರ ಕಟ್ಟುವುದುಂಟು. ಆಳಕ್ಕೆ ಇಳಿದ ಹಾಗೆ ದಾರ ಜೋತುಬೀಳುತ್ತದೆ. ಉಕ್ಕಿನ ಮೈ ಅಷ್ಟು ಕುಗ್ಗಿರುತ್ತದೆ! ಮೈ ಕುಗ್ಗಿದರೆ ತೇಲುವ ಬಲವೂ ಕಡಿಮೆ. ಆಗ ತೂಕ ಸರಿದೂಗಿಸುವ ಟ್ರಿಮ್ ಟ್ಯಾಂಕಿನಿಂದ ಸ್ವಲ್ಪ ನೀರು ಹೊರಹಾಕಬೇಕು. ನಿಮ್ಮ ಪಂಪ್ ಬೇಕಾಗುವುದು ಅಲ್ಲಿ.

ಕ್ಯಾಪ್ಟನ್ ಜಾಸ್ತಿ ಕೂಗಾಡುತ್ತಾನೆ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದಕ್ಕಿಂತ ನಾಲ್ಕು ಪಟ್ಟು ವೇಗ. ಶತ್ರು ನೀರಿನೊಳಗಿನ ಸದ್ದು ಹಿಡಿಯುವ ಸೋನಾರ್‌ಗೆ ಕಿವಿಗೊಟ್ಟು ಕೂತಿರುವಾಗ ಒಂದು ಸ್ಪ್ಯಾನರ್ ಬಿದ್ದರೂ ಎದೆ ಧಸಕ್ ಅನ್ನಬೇಕು. ಘಾಟಿನ ಬಗ್ಗೆ ನಿಮಗೆ ನಾನು ಹೇಳಬೇಕೇ? ಮೆಣಸಿನಕಾಯಿ ಮಾರ್ಕೆಟಿನ ಊರಿನವರು ನೀವು. ಮುಚ್ಚಿದ ಉಕ್ಕಿನ ಡಬ್ಬಿಯಲ್ಲಿ ಒಗ್ಗರಣೆ ಸಿಡಿದರೆ ಆ ಘಾಟು ಎಲ್ಲಿಗೆ ಹೋಗಬೇಕು? ಒಂದು ಸಾಲೂ ಬರೆದಿಲ್ಲವಲ್ಲ!

ಸಾಧ್ಯವಾದರೆ ವಿಶಾಖಪಟ್ಟಣಕ್ಕೆ ಹೋಗಿ ಬನ್ನಿ. ಅಲ್ಲಿನ ಬೀಚಿನಲ್ಲಿ ಕುರ್ಸುರಾ ಸಬ್‌ಮರೀನ್ 2002ರಿಂದ ಮ್ಯೂಸಿಯಂ ಆಗಿದೆ. ಉದ್ದ 91 ಮೀಟರ್, ಹೆಚ್ಚುಕಡಿಮೆ ನಾಲ್ಕು ರೈಲು ಬೋಗಿ. ಒಳಗೆ ಹೋಗಿ, ಗುಂಡು ಬಾಗಿಲಲ್ಲಿ ಬಗ್ಗಿ ದಾಟಿ. ಬಸವರಾಜನನ್ನು ನೀವು ಉದ್ದನೆಯ ಕಾರಿಡಾರಿನಲ್ಲಿ ಓಡಿಸಿದ್ದು ಆಗ ನಿಮಗೇ ನಗು ತರಿಸುತ್ತದೆ.

‘ಜಲಾಂತರ್ಗಾಮಿ’ ಪುಟಕ್ಕೆ ಆರು ಸಲ ಬಂದಿದೆ. ಬಸವರಾಜ ಹಾಗೆ ಮಾತಾಡುತ್ತಾನಾ? ‘ಬೋಟ್’ ಅನ್ನಲಿ, ಸಬ್‌ಮರೀನಿನವರೆಲ್ಲ ಹಾಗೇ ಅನ್ನುವುದು.

ತಿದ್ದಿ ಕಳಿಸಿದರೆ ಖಂಡಿತ ಓದುತ್ತೇನೆ. ಪುಟಗಳಿಗೆ ನಂಬರ್ ಹಾಕಿ. ಫ್ಯಾನ್ ಗಾಳಿಗೆ ನಿಮ್ಮ ಹಾಳೆಗಳು ಹಾರಿ ಕಲೆತುಹೋಗಿ, ನಮ್ಮಲ್ಲಿ ಬಸವರಾಜ ಮುಳುಗುವ ಮೊದಲೇ ಮೇಲೆ ಬಂದಿದ್ದ.