ಕಾರವಾರದಲ್ಲಿ ಕೈಯಲ್ಲಿ ದುಡ್ಡಿಲ್ಲ, ಪುಕ್ಕಟೆ ಊಟ ಎಲ್ಲಿ ಸಿಗ್ತದೆ?

ನಿಮ್ಮ ಪ್ರಶ್ನೆ ಎರಡು ಮೂರು ಸಲ ಓದ್ದೆ. ಹಾನಗಲ್ ಕಡೆಯಿಂದ ಕಾರವಾರಕ್ಕೆ ಕೆಲಸಕ್ಕೆ ಬಂದಿದ್ದೀರಿ, ಗುತ್ತಿಗೆದಾರ ಎರಡು ತಿಂಗಳಿಂದ ಪಗಾರ ಕೊಟ್ಟಿಲ್ಲ, ಹೆಂಡತಿಗೆ ಐದು ತಿಂಗಳು, ಏಳು ವರ್ಷದ ಮಗ ಇದಾನೆ, ದಿನಾ ಪುಕ್ಕಟೆ ಊಟ ಹಾಕೋ ದೇವಸ್ಥಾನ ಯಾವುದಾದ್ರೂ ಇದ್ರೆ ಹೇಳಿ, ಯಾರ ಹತ್ರನೂ ಕೇಳೂಕೆ ನಾಚಿಕೆ ಆಗ್ತದೆ ಅಂತ ಬರ್ದಿದ್ದೀರಿ. ನಾನು ಶಿರಸಿ ಕಡೆಯವ, ಕಾರವಾರದಲ್ಲಿ ಆರು ವರ್ಷ ಇದ್ದೆ, ನಿಮ್ಮಂಥದ್ದೇ ಪರಿಸ್ಥಿತಿ ನನಗೂ ಒಂದ್ಸಲ ಬಂದಿತ್ತು, ಅದನ್ನ ಆಮೇಲೆ ಹೇಳ್ತೆ.

ದೇವಸ್ಥಾನ ಅಂದ್ರಲ್ಲ, ನಮ್ಮ ಜಿಲ್ಲೆಯಲ್ಲಿ ಅದಕ್ಕೇನೂ ಕೊರತೆ ಇಲ್ಲ. ಗೋಕರ್ಣ ಮಹಾಬಲೇಶ್ವರದಲ್ಲಿ ಅಮೃತಾನ್ನ ಅಂತ ಮಧ್ಯಾಹ್ನ, ರಾತ್ರಿ ಎರಡೂ ಹೊತ್ತು ಹಾಕ್ತಾರೆ. ಇಡಗುಂಜಿ, ಮುರ್ಡೇಶ್ವರ, ಶಿರಸಿ ಮಾರಿಕಾಂಬೆ, ಎಲ್ಲಾ ಕಡೆ ಮಧ್ಯಾಹ್ನ ಪ್ರಸಾದ ಊಟ ಇದೆ. ಯಾರೂ ನಿಮ್ಮ ಜಾತಕ ಕೇಳೂದಿಲ್ಲ, ಸಾಲಲ್ಲಿ ನಿಂತು ಕೂತು ಉಂಡು ಬರೂದಷ್ಟೇ. ಆದ್ರೆ ಲೆಕ್ಕ ಹಾಕಿ ನೋಡಿ. ಕಾರವಾರದಿಂದ ಗೋಕರ್ಣ ಹತ್ತತ್ರ 60 ಕಿಲೋಮೀಟರ್. ನಿಮ್ಮ ಹೆಂಡತಿಗೆ ಶಕ್ತಿ ಯೋಜನೆ ಇದೆ, ಆಧಾರ್ ತೋರಿಸಿದ್ರೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ ಇಲ್ಲ. ನಿಮಗೆ ಫುಲ್, ಮಗನಿಗೆ ಹಾಫ್. ಹೋಗಿ ಬರೂ ಬಸ್ ಚಾರ್ಜಲ್ಲಿ ಇಲ್ಲೇ ಎರಡು ದಿನ ಉಣ್ಬಹುದು, ಮೇಲಿಂದ ಬಸುರಿ ಹೆಂಗಸನ್ನ ಆ ಹೈವೇಲಿ ದಿನಾ ಕುಲುಕಾಡಿಸ್ಕೊಂಡು ಹೋಗೂದು ಬೇರೆ. ಆ ಕಡೆ ಏನಾದ್ರೂ ಕೆಲಸ ಇದ್ದಾಗ ಹೋಗಿ, ಖಂಡಿತ ಉಣ್ಣಿ, ದಿನದ ಹೊಟ್ಟೆಪಾಡಿಗೆ ಅದು ಆಗೂದಲ್ಲ. ಕಾರವಾರದೊಳಗೆ ಚೌತಿ, ನವರಾತ್ರಿ, ಯಾರದೋ ಸತ್ಯನಾರಾಯಣ ಕಥೆ ಅಂತ ಸಂತರ್ಪಣೆ ಆಗ್ತಾನೇ ಇರ್ತದೆ, ಅದು ಸಿಕ್ಕಿದ ದಿನ ಸಿಕ್ತು.

ನನ್ನ ಪ್ರಕಾರ ನೀವು ಮೂರು ಜನರಿಗೆ ಒಂದೇ ಜಾಗ ಹುಡುಕ್ತಾ ಇದ್ದೀರಿ, ಅಲ್ಲೇ ತಪ್ಪಿದ್ದು. ಮೂರು ಜನಕ್ಕೆ ಮೂರು ಬೇರೆ ಬೇರೆ ಬಾಗಿಲು ಇದೆ, ಅದ್ರಲ್ಲಿ ಎರಡು ನಿಮ್ಮ ರೂಮಿಂದ ನಡ್ಕೊಂಡು ಹೋಗೂ ದೂರದಲ್ಲೇ ಇರ್ತದೆ.

ಮೊದ್ಲು ಹೆಂಡತಿ. ನಾಳೆ ಬೆಳಿಗ್ಗೆನೇ ಹತ್ತಿರದ ಅಂಗನವಾಡಿಗೆ ಕರ್ಕೊಂಡು ಹೋಗಿ. ಮಾತೃಪೂರ್ಣ ಅಂತ ಯೋಜನೆ, 2017ರ ಅಕ್ಟೋಬರ್ 2ಕ್ಕೆ ಶುರುವಾದದ್ದು, ಬಸುರಿಯರಿಗೆ ಮತ್ತೆ ಹೆರಿಗೆ ಆಗಿ ಆರು ತಿಂಗಳವರೆಗೆ ಬಾಣಂತಿಯರಿಗೆ ಮಧ್ಯಾಹ್ನ ಬಿಸಿ ಊಟ, ತಿಂಗಳಿಗೆ 25 ದಿನ. ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ನೀವು ಹಾನಗಲ್‌ನವರು, ಇಲ್ಲಿ ಬಾಡಿಗೆಗೆ ಇದ್ದೀರಿ ಅಂತ ಹಿಂಜರಿಬೇಡಿ, ಈಗ ಎಲ್ಲಿ ವಾಸ ಇದ್ದೀರೋ ಆ ಅಂಗನವಾಡಿಯಲ್ಲೇ ಹೆಸರು ಬರೆಸೂದು. ತಾಯಿ ಕಾರ್ಡ್ ಊರಲ್ಲಿ ಮಾಡಿಸಿದ್ರೆ ತಗೊಂಡು ಹೋಗಿ, ಮಾಡಿಸೇ ಇಲ್ಲ ಅಂದ್ರೆ ಟೀಚರ್ ಹತ್ರ ಹೇಳಿ, ಅವ್ರು ಆಶಾ ಕಾರ್ಯಕರ್ತೆಗೆ ಹೇಳ್ತಾರೆ. ಇದು ಬರೀ ಊಟದ ಮಾತಲ್ಲ, ಐದು ತಿಂಗಳಾದ್ರೂ ಯಾರೂ ರಕ್ತ ಪರೀಕ್ಷೆ ಮಾಡಿಲ್ಲ ಅಂದ್ರೆ ಆ ಕೆಲಸನೂ ಇದ್ರಲ್ಲೇ ಆಗೋಗ್ತದೆ.

ಮಗ ಶಾಲೆಗೆ ಹೋಗ್ತಾ ಇಲ್ಲ, ಟಿಸಿ ತಂದಿಲ್ಲ ಅಂದಿದ್ದೀರಿ. ಟಿಸಿ ಇಲ್ಲ ಅಂತ ಸರ್ಕಾರಿ ಶಾಲೆಯವ್ರು ವಾಪಸ್ ಕಳಿಸೂ ಹಾಗಿಲ್ಲ, ವರ್ಷದ ನಡುವೆ ಬಂದ್ರೂ ಸೇರಿಸ್ಕೊಳ್ಬೇಕು, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಟಿಸಿ ಆಮೇಲೆ ತರಿಸಿದ್ರಾಯ್ತು. ಶಾಲೆಗೆ ಸೇರಿದ ದಿನದಿಂದ ಮಧ್ಯಾಹ್ನದ ಬಿಸಿಯೂಟ, ಹಾಲು, ಮೊಟ್ಟೆ ಇಲ್ಲಾ ಬಾಳೆಹಣ್ಣು. ಹುಡುಗ ಉಂಡು ಮನೆಗೆ ಬರ್ತಾನೆ, ನಾಕು ಅಕ್ಷರನೂ ಕಲೀತಾನೆ.

ಇನ್ನು ನೀವು. ಇಂದಿರಾ ಕ್ಯಾಂಟೀನ್ ಬೆಂಗಳೂರಲ್ಲಿ 2017ರಲ್ಲಿ ಶುರುವಾಗಿ ಆಮೇಲೆ ಬೇರೆ ಜಿಲ್ಲೆಗಳಿಗೂ ಬಂತು. ತಿಂಡಿ 5 ರೂಪಾಯಿ, ಊಟ 10 ರೂಪಾಯಿ. ಎಲ್ಲಿದೆ ಅಂತ ಬಸ್ ಸ್ಟ್ಯಾಂಡ್ ಹತ್ರ ಯಾವ ಆಟೋದವ್ರನ್ನ ಕೇಳಿದ್ರೂ ಹೇಳ್ತಾರೆ. ಮೂರು ಹೊತ್ತೂ ಅಲ್ಲೇ ಅಂದ್ರೆ ದಿನಕ್ಕೆ 25, ತಿಂಗಳಿಗೆ 750. ಪುಕ್ಕಟೆ ಅಲ್ಲ ನಿಜ, ಆದ್ರೆ ದುಡ್ಡು ಕೊಟ್ಟು ಉಣ್ಣೂದ್ರಿಂದ ನಿಮಗಿರೂ ನಾಚಿಕೆ ಪ್ರಶ್ನೆನೂ ಬರೂದಿಲ್ಲ. ಒಂದು ಸೂಕ್ಷ್ಮ, ಅಲ್ಲಿ ಹೊತ್ತಿಗೆ ಇಷ್ಟು ಪ್ಲೇಟ್ ಅಂತ ಲೆಕ್ಕ ಇರ್ತದೆ, ಮುಗಿದ್ರೆ ಮುಗೀತು, ಹಾಗಾಗಿ ಕೊನೇ ಗಳಿಗೆಯಲ್ಲಿ ಹೋಗ್ಬೇಡಿ.

ರಾತ್ರಿ ಮನೆಯಲ್ಲಿ ಒಲೆ ಹೊತ್ತಿದ್ರೇ ಚಂದ, ಅದಕ್ಕೆ ಅಕ್ಕಿ ಬೇಕು. ಇದು ನಿಮ್ಮ ಪ್ರಶ್ನೆಯಲ್ಲಿ ಇಲ್ಲವೇ ಇಲ್ಲ, ನಂಗೆ ಆಶ್ಚರ್ಯ ಆಯ್ತು! ನಿಮ್ಮ ಬಿಪಿಎಲ್ ಕಾರ್ಡ್ ಹಾನಗಲ್ಲಿಂದಾದ್ರೆ ಎಂತ ಆಯ್ತು, ಈಗ ಯಾವ ಊರಿನ ರೇಷನ್ ಅಂಗಡಿಯಲ್ಲಾದ್ರೂ ಕಾರ್ಡಲ್ಲಿ ಹೆಸರಿದ್ದವ್ರು ಬೆರಳು ಕೊಟ್ರೆ ಅಕ್ಕಿ ಕೊಡ್ತಾರೆ. ತಲೆಗೆ 5 ಕೆಜಿ ಕೇಂದ್ರದ್ದು ಪುಕ್ಕಟೆ, ಅನ್ನಭಾಗ್ಯದ್ದು ಅದ್ರ ಮೇಲೆ. ಅಂತ್ಯೋದಯ ಕಾರ್ಡಾದ್ರೆ ಮನೆಗೆ 35 ಕೆಜಿ. ಆದ್ರೆ ಅಂಗಡಿಗೆ ಹೋಗೂ ಮೊದ್ಲು ಊರಿಗೆ ಫೋನ್ ಮಾಡಿ, ಅಲ್ಲಿ ನಿಮ್ಮ ಅವ್ವ ಈ ತಿಂಗಳದ್ದು ಆಗ್ಲೇ ತಂದಾಗಿದ್ರೆ ಇಲ್ಲಿ ಮಷಿನ್ನಲ್ಲಿ ಖಾಲಿ ಅಂತ ತೋರಿಸ್ತದೆ, ಅಂಗಡಿಯವ್ರ ಸಂಗ್ತಿ ಸುಮ್ನೆ ಜಗಳ ಆಗೂದು. ಹೆಂಡತಿ ಹೆಸರು ಇನ್ನೂ ತವರುಮನೆ ಕಾರ್ಡಲ್ಲೇ ಇದ್ರೆ ಅಲ್ಲೂ ಕೇಳಿ. ಸ್ಟಾಕ್ ಇದ್ದೂ ಕೊಡ್ಲಿಲ್ಲ ಅಂದ್ರೆ 1967ಕ್ಕೆ ಫೋನ್ ಮಾಡಿ ದೂರು ಹೇಳಬಹುದು.

ಅಕ್ಕಿ ಬಂತು ಅಂದ್ರೆ ಅನ್ನಕ್ಕೆ ಹಾಕ್ಕೊಳ್ಳೂ ಪದಾರ್ಥಕ್ಕೆ ಸಮುದ್ರ ಇದೆ ಮಾರಾಯ್ರೆ. ಬೀಚಲ್ಲಿ ರಂಪಣಿ ಅಂತ ದೊಡ್ಡ ಮೀನುಬಲೆ ಎಳೂದು ನೋಡಿದ್ದೀರಾ? ಜನ ಜಾಸ್ತಿ ಬೇಕಾಗ್ತದೆ ಅದಕ್ಕೆ, ಹಗ್ಗ ಹಿಡಿದು ಎಳ್ದವ್ರಿಗೆ ಮೀನು ಕೊಡೂದು ಹಿಂದಿಂದ ಬಂದ ಪದ್ಧತಿ. ನಾನು ಹವ್ಯಕರ ಮನೆ ಹುಡುಗ, ಮೀನು ತಿಂತಿರ್ಲಿಲ್ಲ, ಎಳ್ದು ಸಿಕ್ಕಿದ ಬಂಗಡೆನ ಪಕ್ಕದ ರೂಮಿನವ್ರಿಗೆ ಕೊಟ್ಟು ಅವ್ರ ಹತ್ರ ತೆಂಗಿನಕಾಯಿ, ಮಜ್ಜಿಗೆ ತಗೊಂಡು ತಂಬುಳಿ ಮಾಡ್ಕೊಂಡು ಉಣ್ತಿದ್ದೆ. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟು ಬಂದ್, ಆ 61 ದಿನ ಬಂದರದ ಕಡೆ ಕೂಲಿ ಹುಡುಕ್ಕೊಂಡು ಹೋಗಿ ಪ್ರಯೋಜನ ಇಲ್ಲ, ಉಳಿದ ದಿನ ಬೈತಖೋಲ ಬಂದರಕ್ಕೆ ಬೆಳಗಿನ ಜಾವ ಹೋದ್ರೆ ಬುಟ್ಟಿ ಹೊರೂ ಕೆಲಸಕ್ಕಾದ್ರೂ ಕೇಳಿ ನೋಡಬಹುದು.

ನನ್ನ ಕಥೆ ಹೇಳ್ತೆ ಅಂದಿದ್ನಲ್ಲ. ನಂಗೂ ಒಬ್ಬ ಗುತ್ತಿಗೆದಾರ ಮೂರು ತಿಂಗಳು ಪಗಾರ ಹಿಡ್ದಿದ್ದ. ಆಗ ಇಂದಿರಾ ಕ್ಯಾಂಟೀನೂ ಇಲ್ಲ ಎಂತದೂ ಇಲ್ಲ. ಒಂದು ಖಾನಾವಳಿಗೆ ದಿನಾ ಹೋಗಿ ಬರೀ ಚಾ ಕುಡ್ದು ಬರ್ತಿದ್ದೆ, ಊಟದ ವಾಸನೆಗೇ ಹೋಗ್ತಿದ್ನೋ ಏನೋ. ನಾಕನೇ ದಿನ ಅಲ್ಲಿಯ ಅಕ್ಕ ಎದುರಿಗೆ ತಾಟು ಇಟ್ಟು ಒಂದು ಹಳೇ ನೋಟ್‌ಬುಕ್ ಕೊಟ್ರು, ನೀನೇ ಬರ್ಕೊ, ಪಗಾರ ಆದಾಗ ಕೊಡು ಅಂತ. ನಂಗೆ ಕಣ್ಣಲ್ಲಿ ನೀರು. ಪಗಾರ ಆದ ದಿನ ಭಾರೀ ಹೆಮ್ಮೆಯಿಂದ ಲೆಕ್ಕ ಕೂಡಿಸಿ 1,140 ರೂಪಾಯಿ ಇಟ್ರೆ ಅಕ್ಕ ನೋಟ್‌ಬುಕ್ ನೋಡಿ, ತಮಾ, ಎರಡು ದಿನ ಸಂಜೆ ಆಸ್ರಿಗೆ ಬನ್ಸ್ ತಿಂದದ್ದು ಬರೀಲೇ ಇಲ್ಲ ನೀನು ಅಂದ್ರು! ಅಷ್ಟು ದಿನ ನಾನು ಭಿಕ್ಷೆ ಉಣ್ತಾ ಇದ್ದೇನೆ ಅಂದ್ಕೊಂಡಿದ್ದೆ, ಅವ್ರಿಗೆ ನಾನು ಬರೀ ಉದ್ರಿ ಗಿರಾಕಿ.

ಹಾಗಾಗಿ ನೀವು ಕೆಲಸ ಮಾಡ್ತಿದ್ದ ಜಾಗದ ಹತ್ರ ದಿನಾ ಚಾ ಕುಡೀತಿದ್ದ ಹೋಟೆಲ್ ಇದ್ದೇ ಇರ್ತದೆ, ಅಲ್ಲಿ ಹೋಗಿ ಪುಕ್ಕಟೆ ಅಂತ ಕೇಳ್ಬೇಡಿ, ಉದ್ರಿ ಅಂತ ಕೇಳಿ. ಪಗಾರದ ವಿಷಯಕ್ಕೆ ಕಾರ್ಮಿಕ ಇಲಾಖೆ ಆಫೀಸಿಗೆ ಹೋಗಿ ಲಿಖಿತ ದೂರು ಕೊಡಿ, ಎಷ್ಟು ದಿನ ಕೆಲಸ ಮಾಡಿದ್ದು, ಸಂಗ್ತಿ ಯಾರು ಇದ್ರು ಎಲ್ಲಾ ಬರ್ದು. ಆದ್ರೆ ಅದು ನಾಡಿದ್ದಿನ ಕೆಲಸ. ನಾಳೆ ಬೆಳಿಗ್ಗೆ ಅಂಗನವಾಡಿ, ಅಲ್ಲಿಂದ ಹಾಗೇ ಶಾಲೆ, ಇವತ್ತು ರಾತ್ರಿನೇ ಅವ್ವನಿಗೆ ಫೋನ್. ರೂಮ್ ಯಾವ ಕಡೆ, ಕೋಡಿಬಾಗವೋ ಬೈತಖೋಲವೋ ಅಂತ ಬರೀರಿ, ಹತ್ತಿರದ ರೇಷನ್ ಅಂಗಡಿ ಯಾವುದು ಅಂತ ಅಲ್ಲಿರೂ ದೋಸ್ತರ ಹತ್ರ ಕೇಳಿ ಹೇಳ್ತೆ.