ಅಂಟು ಹಾಳೆಗೆ ಸಿಕ್ಕಿದ ಸೂರಕ್ಕಿ: ಈಗ ಏನು ಮಾಡಬೇಕು?

ಮಡಿಕೇರಿಯ ನಿಮ್ಮ ಹಿತ್ತಲಿನ ಕಿತ್ತಳೆ ಗಿಡಕ್ಕೆ ಹುಳು ಹಿಡಿಯಲೆಂದು ಕಟ್ಟಿದ ಹಳದಿ ಅಂಟು ಹಾಳೆಗೆ ಸೂರಕ್ಕಿ ಸಿಕ್ಕಿಕೊಂಡಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಅದನ್ನು ಅಲ್ಲಿಗೆ ಎಳೆದು ತಂದದ್ದು ಬಹುಶಃ ಬಣ್ಣವಲ್ಲ, ಅದರ ಮೇಲೆ ಒದ್ದಾಡುತ್ತಿದ್ದ ಹುಳುಗಳು.

ಹಕ್ಕಿಯನ್ನು ಎಳೆಯಬೇಡಿ. ನಾನೊಮ್ಮೆ ಅವಸರದಲ್ಲಿ ಎಳೆದು, ಬಾಲದ ಗರಿಗಳಷ್ಟೂ ಹಾಳೆಯಲ್ಲೇ ಉಳಿದವು. ಮೊದಲು ಸುತ್ತಲಿನ ಅಂಟಿನ ಮೇಲೆ ಟಿಶ್ಯೂ ಕಾಗದ ಒತ್ತಿ ಮುಚ್ಚಿ; ಇಲ್ಲದಿದ್ದರೆ ಬಿಡಿಸಿಕೊಂಡ ರೆಕ್ಕೆ ಮತ್ತೆ ಅಂಟಿಕೊಳ್ಳುತ್ತದೆ. ಆಮೇಲೆ ಹಕ್ಕಿಯ ಸುತ್ತ ಹಾಳೆಯನ್ನು ಕತ್ತರಿಸಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಪಶುವೈದ್ಯರಲ್ಲಿಗೆ ಒಯ್ಯಿರಿ. ಬಾಯಿಗೆ ನೀರು ಬಿಡಬೇಡಿ. ಬದುಕುತ್ತದೆಂಬ ಖಾತರಿಯನ್ನು ನಾನು ಕೊಡಲಾರೆ.

ಅಡುಗೆ ಎಣ್ಣೆ ಹಚ್ಚಿ ಬಿಡಿಸುವುದು ಹಲ್ಲಿ, ಓತಿಕ್ಯಾತಗಳಿಗೆ ಸರಿ. ಹಕ್ಕಿಗೆ ಬೇಡ: ಎಣ್ಣೆ ಹಿಡಿದ ಗರಿ ನಮ್ಮ ಮಳೆ, ಚಳಿಯನ್ನು ತಡೆಯದು.

ಉಳಿದ ಹಾಳೆಗಳನ್ನು ಇಂದೇ ಇಳಿಸಿ. ಬೇಕೇ ಬೇಕೆಂದರೆ ಅರ್ಧ ಇಂಚು ಕಣ್ಣಿನ ತಂತಿಜಾಲರಿಯನ್ನು ಗೂಡಿನಂತೆ ಸುತ್ತಿ, ಕೊಕ್ಕು ಅಂಟಿಗೆ ತಾಗದಷ್ಟು ಅಂತರ ಬಿಡಿ. ಹಣ್ಣುನೊಣದ ಕಾಟವಾದರೆ ಹಾಳೆಯ ಬದಲು ಮೀಥೈಲ್ ಯೂಜಿನಾಲ್ (ಗಂಡುನೊಣವನ್ನು ಸೆಳೆಯುವ ವಾಸನೆಯ ರಾಸಾಯನಿಕ) ಹಾಕಿದ, ಸಣ್ಣ ತೂತುಗಳ ಮೋಹಕ ಬಲೆ ತೂಗುಹಾಕಿ. ಅದಕ್ಕೆ ಬೀಳುವುದು ಗಂಡುನೊಣ ಮಾತ್ರ; ಹಣ್ಣಿನಲ್ಲಿ ಮೊಟ್ಟೆಯಿಡುವ ಹೆಣ್ಣುನೊಣ ಉಳಿದೇ ಇರುತ್ತದೆ. ಆದ್ದರಿಂದ ಉದುರಿದ ಕಿತ್ತಳೆಗಳನ್ನು ದಿನವೂ ಹೆಕ್ಕಿ ಆಳವಾಗಿ ಹೂಳಬೇಕು.