9 ವರ್ಷದ ಹುಡುಗನಿಗೆ ಯಾವ ಆಟ?

ಆಟಿಸಂ ಇರುವ ನಿಮ್ಮ ಮಗನನ್ನು ಕ್ರಿಕೆಟ್ ಶಿಬಿರದಲ್ಲಿ ದಿನವೂ ಬೌಂಡರಿಯಾಚೆ ಕೂರಿಸುತ್ತಾರೆ, ಬೇರೆ ದಾರಿ ಇದೆಯೇ ಎಂದು ಕೇಳಿದ್ದೀರಿ. ಇದೆ. ಬೌದ್ಧಿಕ ಅಂಗವೈಕಲ್ಯವೂ ಇದ್ದರೆ ಸ್ಪೆಷಲ್ ಒಲಿಂಪಿಕ್ಸ್ ಭಾರತ್‌ನ ರಾಜ್ಯ ಘಟಕವನ್ನು ವಿಚಾರಿಸಿ. 8 ವರ್ಷ ತುಂಬಿದವರು ಸ್ಪರ್ಧೆಗೂ ಇಳಿಯಬಹುದು. ಅವರ ‘ಯೂನಿಫೈಡ್’ ತಂಡಗಳಲ್ಲಿ ಅಂಗವೈಕಲ್ಯ ಇರುವವರೂ ಇಲ್ಲದವರೂ ಒಟ್ಟಿಗೇ ಆಡುತ್ತಾರೆ.

ನನ್ನನ್ನು ಕೇಳಿದರೆ, ಮೊದಲು ಈಜು ಅಥವಾ ಓಟ. ಚೆಂಡು ಎತ್ತ, ತನ್ನ ಸರದಿ ಯಾವಾಗ ಎಂಬ ತಲೆಬಿಸಿ ಕಡಿಮೆ. ತರಬೇತುದಾರರನ್ನು ಆರಿಸುವಾಗ ಗೋಡೆಯ ಮೇಲಿನ ಪದಕಗಳಿಗೆ ಮರುಳಾಗಬೇಡಿ. ಸೀಟಿ ಊದಿದಾಗ ಕಿವಿ ಮುಚ್ಚಿಕೊಂಡ ಮಗುವನ್ನು ಗದರುತ್ತಾರೋ, ಸೀಟಿ ಬಿಟ್ಟು ಕೈಸನ್ನೆ ಮಾಡುತ್ತಾರೋ ಗಮನಿಸಿ. ಮೊದಲ ವಾರ ಅವನು ಬರೀ ನೋಡುತ್ತಾ ನಿಲ್ಲಬಹುದೇ ಎಂದು ಶುಲ್ಕ ಕಟ್ಟುವ ಮುನ್ನವೇ ಕೇಳಿಬಿಡಿ.